ನೆನಪಿನ ಖಜಾನೆಯಿಂದ ಬಣ್ಣ ತೆಗೆದ ಟರ್ನರ್

ನಿಸರ್ಗದ ಚಿತ್ರ ಬಿಡಿಸಬೇಕಾದರೆ ಬಯಲಿಗೇ ಹೋಗಿ ಕೂರಬೇಕು ಎಂಬ ನಂಬಿಕೆ ಹಲವರಲ್ಲಿದೆ. ಆದರೆ ಬಯಲಿನಲ್ಲಿ ನೋಡಿ, ಮನೆಗೆ ಬಂದು ನೆನಪಿನಿಂದ ಬಣ್ಣ ಹಚ್ಚಿ ಜಗದ್ವಿಖ್ಯಾತನಾದವನು ಇಂಗ್ಲೆಂಡಿನ ಜೋಸೆಫ್ ಮ್ಯಾಲಾರ್ಡ್ ವಿಲಿಯಂ ಟರ್ನರ್.

1775ರಲ್ಲಿ ಲಂಡನ್ನಿನ ಕೋವೆಂಟ್ ಗಾರ್ಡನ್ ಬಳಿ ಹುಟ್ಟಿದ ಟರ್ನರ್‌ನ ತಂದೆ ಕ್ಷೌರಿಕ. ಮಗ ಬರೆದ ಚಿತ್ರಗಳನ್ನು ಅಂಗಡಿಯ ಕಿಟಕಿಗೆ ತೂಗುಹಾಕಿ ಒಂದೆರಡು ಶಿಲ್ಲಿಂಗಿಗೆ ಮಾರುತ್ತಿದ್ದ. 14ನೇ ವಯಸ್ಸಿಗೆ ರಾಯಲ್ ಅಕಾಡೆಮಿಯ ಶಾಲೆ ಸೇರಿದ ಹುಡುಗನ ಜಲವರ್ಣ ಚಿತ್ರ 1790ರಲ್ಲೇ ಅಲ್ಲಿನ ಪ್ರದರ್ಶನದಲ್ಲಿತ್ತು. ಮನೆಯಲ್ಲಿ ಮಾತ್ರ ಸುಖವಿರಲಿಲ್ಲ. ತಂಗಿ ಚಿಕ್ಕಂದಿನಲ್ಲೇ ತೀರಿಕೊಂಡಳು. ಮನೋರೋಗಕ್ಕೆ ತುತ್ತಾದ ತಾಯಿಯನ್ನು 1800ರಲ್ಲಿ ಆಸ್ಪತ್ರೆಗೆ ಸೇರಿಸಬೇಕಾಯಿತು. ಆಕೆ ಮನೆಗೆ ಮರಳಲಿಲ್ಲ, 1804ರಲ್ಲಿ ಮರಣ ಹೊಂದಿದಳು. ತಂದೆ ಕಸುಬು ಬಿಟ್ಟು ಮಗನ ಸಹಾಯಕನಾಗಿ ನಿಂತ.

ವರ್ಷ ವರ್ಷವೂ ಊರೂರು ಸುತ್ತುವುದು ಟರ್ನರ್‌ನ ರೂಢಿ. ಜೇಬಿನಲ್ಲಿ ಪುಟ್ಟ ಪುಸ್ತಕ, ಕೈಯಲ್ಲಿ ಪೆನ್ಸಿಲ್. 1819ರಲ್ಲಿ ಇಟಲಿಗೆ ಹೋದಾಗಲೂ ಆತ ಹೆಚ್ಚಾಗಿ ಬರೆದದ್ದು ಪೆನ್ಸಿಲ್ ಗೆರೆಗಳನ್ನೇ. ಹೊರಗೆ ಕುಳಿತು ಒಂದು ಚಿತ್ರಕ್ಕೆ ಬಣ್ಣ ಹಚ್ಚುವಷ್ಟರಲ್ಲಿ 15-16 ರೇಖಾಚಿತ್ರ ಮುಗಿಸಬಹುದೆಂಬುದು ಆತನ ಲೆಕ್ಕಾಚಾರ. ಬೆಳಕು, ಮಂಜು, ಮೋಡದ ಬಣ್ಣ ಎಲ್ಲವೂ ತಲೆಯಲ್ಲಿ ಉಳಿಯುತ್ತಿದ್ದವು.

ಈ ನೆನಪಿನ ಶಕ್ತಿಗೆ ಸಾಕ್ಷಿ 1818ರ ಒಂದು ಘಟನೆ. ಯಾರ್ಕ್‌ಷೈರ್‌ನ ಫಾರ್ನ್ಲಿ ಹಾಲ್ ಎಂಬ ಬಂಗಲೆಯಲ್ಲಿ ಅತಿಥಿಯಾಗಿದ್ದ ಟರ್ನರ್‌ನನ್ನು, ಯುದ್ಧನೌಕೆಯ ಗಾತ್ರ ಎಷ್ಟಿರುತ್ತದೆಂದು ತಿಳಿಯುವಂಥ ಚಿತ್ರ ಬರೆದುಕೊಡುವಂತೆ ಮನೆಯ ಯಜಮಾನ ವಾಲ್ಟರ್ ಫಾಕ್ಸ್ ಕೇಳಿದ. ಹತ್ತಿರದಲ್ಲಿ ಕಡಲಿಲ್ಲ, ಹಡಗಿಲ್ಲ. ಟರ್ನರ್ ಕಾಗದ ಪೂರ್ತಿ ನೆನೆಯುವಂತೆ ಬಣ್ಣದ ನೀರು ಸುರಿದ. ಉಜ್ಜಿದ, ಉಗುರಿನಿಂದ ಕೆರೆದ. ಮೊದಲು ಎಲ್ಲವೂ ಗೊಂದಲವೇ. ಮನೆಯ ಹುಡುಗ ಪಕ್ಕದಲ್ಲಿ ಕುಳಿತು ನೋಡುತ್ತಿದ್ದಂತೆ ನಿಧಾನವಾಗಿ ಅಲೆಗಳು, ಹಗ್ಗಗಳು, ಫಿರಂಗಿ ಕಿಂಡಿಗಳು ಮೂಡಿದವು. ಮಧ್ಯಾಹ್ನದ ಊಟದ ಹೊತ್ತಿಗೆ ಬೃಹತ್ ನೌಕೆ ಸಿದ್ಧವಾಗಿತ್ತು!

ನಮ್ಮ ನಾಡಿಗೂ ಟರ್ನರ್‌ಗೂ ಒಂದು ನಂಟಿದೆ. 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಶ್ರೀರಂಗಪಟ್ಟಣದ ಮುತ್ತಿಗೆಯನ್ನು ಆತ 1800ರ ಸುಮಾರಿಗೆ ಜಲವರ್ಣದಲ್ಲಿ ಚಿತ್ರಿಸಿದ್ದಾನೆ. ಭಾರತಕ್ಕೆ ಆತ ಬಂದವನಲ್ಲ. ಇಲ್ಲಿ ಕೆಲಸ ಮಾಡಿದ್ದು ಸ್ವಂತ ನೆನಪಲ್ಲ, ಬೇರೆಯವರು ಕಂಡು ತಿಳಿಸಿದ್ದರ ಮೇಲೆ ಕಟ್ಟಿದ ಕಲ್ಪನೆ.

1851ರ ಡಿಸೆಂಬರ್ 19ರಂದು ಚೆಲ್ಸಿಯಲ್ಲಿ ಟರ್ನರ್ ನಿಧನನಾದ. ಸಂತ ಪಾಲರ ಕೆಥೆಡ್ರಲ್‌ನಲ್ಲಿ ಸಮಾಧಿಯಾಯಿತು. ತನ್ನ ಚಿತ್ರಗಳು ಒಂದೇ ಕಡೆ ಉಳಿಯಬೇಕು, ಹಣ ಬಡ ಕಲಾವಿದರಿಗೆ ಸಲ್ಲಬೇಕು ಎಂದು ಉಯಿಲು ಬರೆದಿದ್ದ. ಬಂಧುಗಳು ನ್ಯಾಯಾಲಯದ ಮೆಟ್ಟಿಲೇರಿದರು. 1856ರ ತೀರ್ಪಿನಂತೆ ಆಸ್ತಿಯ ಹೆಚ್ಚಿನ ಪಾಲು ಬಂಧುಗಳಿಗೆ ಹೋಯಿತು, ಬಡ ಕಲಾವಿದರ ಮನೆ ಕನಸಾಗಿಯೇ ಉಳಿಯಿತು. ಚಿತ್ರಗಳು ಮಾತ್ರ ರಾಷ್ಟ್ರಕ್ಕೆ ಸೇರಿದವು. ಅವುಗಳಿಗೆಂದೇ ಕಟ್ಟಿದ ಕ್ಲೋರ್ ಗ್ಯಾಲರಿ ಲಂಡನ್ನಿನ ಟೇಟ್‌ನಲ್ಲಿ ತೆರೆದದ್ದು 1987ರಲ್ಲಿ, ಆತ ತೀರಿಕೊಂಡು 136 ವರ್ಷಗಳ ನಂತರ.