ಕಿರುಪುಷ್ಪದ ತಾಯಿ, ಲಿಯೋನಿಯ ತಾಯಿ

ನಮ್ಮ ದೇವಾಲಯದ ನೂರು ವರ್ಷಗಳ ಜ್ಞಾನಸ್ನಾನದ ದಾಖಲೆ ಪುಸ್ತಕಗಳನ್ನು ತೆರೆದು ನೋಡಿದರೆ ಪ್ರತಿಯೊಂದು ಮಗುವಿನ ಹೆಸರಿನ ಮುಂದೆ ತಂದೆ ತಾಯಿಯರ ಹೆಸರುಗಳನ್ನು ಕಾಣುತ್ತೇವೆ. ಮಗುವಿನ ಹೆಸರನ್ನು ಹುಡುಕಿಕೊಂಡು ಬರುವವರುಂಟು. ಆ ಎರಡು ಹೆಸರುಗಳನ್ನು ಅರಸುವವರು ವಿರಳ. ಬಾಲ ಯೇಸುವಿನ ಸಂತ ತೆರೇಸಮ್ಮನವರ ವಿಷಯದಲ್ಲಿಯೂ ಬಹುಕಾಲ ಹೀಗೆಯೇ ಆಯಿತು. ಶಿಲುಬೆಯನ್ನೂ ಗುಲಾಬಿಗಳನ್ನೂ ಎದೆಗವಚಿಕೊಂಡ ಆ ಕನ್ಯಾಸ್ತ್ರೀಯ ಪ್ರತಿಮೆಯನ್ನು ನಾವೆಲ್ಲರೂ ಬಲ್ಲೆವು. ಅವರನ್ನು ಹೆತ್ತ ಝೇಲಿ ಮಾರ್ಟಿನ್ ಅವರನ್ನು ಬಲ್ಲವರು ಕಡಿಮೆ. ಮುಂದೆ ತಂದೆ ತಾಯಿಗಳಾಗಲಿರುವ ನಮ್ಮ ಯುವ ದಂಪತಿಗಳಿಗಾಗಿ ಆ ತಾಯಿಯ ಚರಿತ್ರೆಯನ್ನು ಇಲ್ಲಿ ಸಂಗ್ರಹವಾಗಿ ಹೇಳಬಯಸುತ್ತೇವೆ.

ಝೇಲಿಯವರು 1831ರ ಡಿಸೆಂಬರ್ 23ರಂದು ಫ್ರಾನ್ಸ್ ದೇಶದ ಅಲಾನ್ಸಾನ್ ಪಟ್ಟಣಕ್ಕೆ ಸಮೀಪದ ಹಳ್ಳಿಯೊಂದರಲ್ಲಿ ಜನಿಸಿದರು. ತಂದೆ ಸೈನಿಕರಾಗಿದ್ದು ಬಳಿಕ ಪೊಲೀಸ್ ಪಡೆಯಲ್ಲಿದ್ದವರು. ತಾಯಿ ದೈವಭಕ್ತೆ, ಆದರೆ ಆ ಭಕ್ತಿಯಲ್ಲಿ ಕಾಠಿಣ್ಯ ಹೆಚ್ಚು, ಕೊಂಡಾಟ ಕಡಿಮೆ. ಆಡಲು ಒಂದು ಗೊಂಬೆಯೂ ದೊರೆಯದ ಬಾಲ್ಯವದು. ಆ ದಿನಗಳ ದುಃಖವನ್ನು ಝೇಲಿಯವರು ಕಡೆಯವರೆಗೂ ಮರೆಯಲಿಲ್ಲ. ಮುಂದೆ ಅವರ ಸ್ವಂತ ಮನೆಯಲ್ಲಿ ಗೊಂಬೆಗಳಿದ್ದವು, ಗೊಂಬೆಯ ಉಡುಪಿಗೆಂದು ಬಣ್ಣಬಣ್ಣದ ಬಟ್ಟೆಯ ತುಂಡುಗಳನ್ನು ತುಂಬಿಟ್ಟ ಬುಟ್ಟಿಯಿತ್ತು. ಅಕ್ಕ ಆ ಬುಟ್ಟಿಯನ್ನು ಮುಂದೆ ಚಾಚಿದಾಗ ಪುಟ್ಟ ತೆರೇಸ್ ತನಗೆ ಎಲ್ಲವೂ ಬೇಕೆಂದು ಬುಟ್ಟಿಯನ್ನೇ ಎತ್ತಿಕೊಂಡ ಕಥೆಯನ್ನು ವಾಚಕರು ಕೇಳಿರಬಹುದು.

ಯೌವನದಲ್ಲಿ ಕನ್ಯಾಸ್ತ್ರೀಯಾಗಲು ಹೋದ ಝೇಲಿಯವರನ್ನು ಮಠದ ಮುಖ್ಯಸ್ಥೆ ಹಿಂದಕ್ಕೆ ಕಳುಹಿಸಿದರು. ಆಗ ಅವರು ಕೈಗೆತ್ತಿಕೊಂಡದ್ದು ಅಲಾನ್ಸಾನಿನ ಹೆಸರಾಂತ ಲೇಸ್ ಕೆಲಸವನ್ನು. ಸೂಜಿಯಿಂದ ತುಂಡುತುಂಡಾಗಿ ಹೆಣೆದ ಆ ನವಿರಾದ ಲೇಸನ್ನು ಹೊಲಿಗೆ ಕಾಣದಂತೆ ಜೋಡಿಸುವುದು ಬಲು ಕಷ್ಟದ ಕೆಲಸ. ಅದನ್ನು ಅವರು ತಾವೇ ಮಾಡುತ್ತಿದ್ದರು. 1853ರಲ್ಲಿ ಸ್ವಂತ ಉದ್ಯಮ ಆರಂಭಿಸಿ, ಹಲವು ಹೆಣ್ಣುಮಕ್ಕಳಿಗೆ ಕೆಲಸ ಕೊಟ್ಟರು. 1858ರ ಜುಲೈ 13ರಂದು ಗಡಿಯಾರದ ವ್ಯಾಪಾರಿ ಲೂಯಿ ಮಾರ್ಟಿನ್ ಅವರೊಂದಿಗೆ ವಿವಾಹವಾಯಿತು. ಲೂಯಿಯವರೂ ಸನ್ಯಾಸಿಯಾಗಲು ಹೋಗಿ, ಲ್ಯಾಟಿನ್ ಬಾರದ ಕಾರಣ ಹಿಂದಿರುಗಿದವರೇ. ಭಾನುವಾರ ಅಂಗಡಿ ತೆರೆದರೆ ಲಾಭವಿದ್ದರೂ ಅವರು ತೆರೆಯುತ್ತಿರಲಿಲ್ಲ. ಬೆಳಗಿನ ಐದೂವರೆಯ ಬಲಿಪೂಜೆಗೆ ಗಂಡ ಹೆಂಡತಿ ಇಬ್ಬರೂ ಹೋಗುತ್ತಿದ್ದರು. ಮಕ್ಕಳು ಕಣ್ತೆರೆಯುವ ಮುಂಚೆಯೇ ತಂದೆ ತಾಯಿಯ ಮೊದಲ ಕೆಲಸ ಮುಗಿದಿರುತ್ತಿತ್ತು.

ಒಂಬತ್ತು ಮಕ್ಕಳು ಹುಟ್ಟಿದರು. ನಾಲ್ವರನ್ನು ಮಣ್ಣಿಗೆ ಕೊಟ್ಟರು. ಗುರುವಾಗಲೆಂದು ಆಶಿಸಿದ ಇಬ್ಬರು ಗಂಡುಮಕ್ಕಳೂ ಒಂದು ವರ್ಷ ತುಂಬುವ ಮೊದಲೇ ತೀರಿಕೊಂಡರು. ಎರಡು ತಿಂಗಳೂ ತುಂಬದ ಹೆಣ್ಣುಕೂಸೊಂದು ಹಾಲೂಡಿಸುವ ದಾದಿಯ ಅಲಕ್ಷ್ಯದಿಂದ ಅಳಿಯಿತು. ಇಷ್ಟು ನೋವಿಗೆ ಹೆರದೆ ಇದ್ದಿದ್ದರೇ ಲೇಸಿತ್ತೆಂದು ಕೆಲವರು ಆಡಿದ ಮಾತು ಅವರಿಗೆ ಸಹಿಸಲಾಗಲಿಲ್ಲ. ಮಕ್ಕಳು ಕಳೆದುಹೋಗಿಲ್ಲ, ಮುಂದೆ ಹೋಗಿದ್ದಾರೆ ಎಂಬುದು ಅವರ ದೃಢ ವಿಶ್ವಾಸ. ಆದರೆ ಆ ವಿಶ್ವಾಸವೂ ಭಯದಿಂದ ಮುಕ್ತವಾಗಿರಲಿಲ್ಲವೆಂಬುದನ್ನು ನಾವು ಮರೆಮಾಚಬಾರದು. 1870ರಲ್ಲಿ ಐದು ವರ್ಷದ ಎಲೆನ್ ಸತ್ತ ಬಳಿಕ, ಆ ಮಗು ಎಂದೋ ಹೇಳಿದ ಒಂದು ಪುಟ್ಟ ಸುಳ್ಳು ನೆನಪಾಗಿ, ಆಕೆಯನ್ನು ಪಾಪನಿವೇದನೆಗೆ ಕರೆದೊಯ್ಯಲಿಲ್ಲವಲ್ಲ ಎಂದು ತಾಯಿ ಕೊರಗಿದರು. ಕಡೆಗೆ ಮನೆಯಲ್ಲಿದ್ದ ಮಾತೆ ಮರಿಯಮ್ಮನವರ ಪ್ರತಿಮೆಯ ಮುಂದೆ ಅಳುತ್ತಾ ಪ್ರಾರ್ಥಿಸಿದಾಗ, ಮಗು ಆ ತಾಯಿಯ ಬಳಿಯಲ್ಲೇ ಇದೆಯೆಂಬ ಸಾಂತ್ವನ ದೊರೆಯಿತಂತೆ. ಕಠಿಣ ಬಾಲ್ಯದ ನೆರಳು ಎಷ್ಟು ದೂರ ಚಾಚುತ್ತದೆ, ನೋಡಿ!

ಬದುಕಿ ಉಳಿದವರು ಐವರು: ಮರೀ, ಪೋಲೀನ್, ಲಿಯೋನಿ, ಸೆಲೀನ್ ಮತ್ತು 1873ರ ಜನವರಿ 2ರಂದು ಹುಟ್ಟಿದ ತೆರೇಸ್. ತಾಯಿಗೆ ಹಾಲೂಡಿಸುವ ಶಕ್ತಿಯಿಲ್ಲದ್ದರಿಂದ ತೆರೇಸ್ ಮೊದಲ ವರ್ಷವನ್ನು ಬಹುಪಾಲು ಸೆಮಲೆ ಗ್ರಾಮದ ರೈತ ಮಹಿಳೆಯ ಮನೆಯಲ್ಲಿ ಕಳೆಯಿತು. ಹಿಂದಿರುಗಿದ ಮಗು ಮಹಡಿಯ ಒಂದೊಂದು ಮೆಟ್ಟಿಲಿಗೂ ಅಮ್ಮಾ ಎಂದು ಕೂಗುತ್ತಿತ್ತು. ತಾಯಿ ಓಗೊಟ್ಟರೆ ಮಾತ್ರ ಮುಂದಿನ ಮೆಟ್ಟಿಲು. ನೂರು ಕೆಲಸಗಳ ನಡುವೆ ತಾಯಿ ಓಗೊಡುತ್ತಿದ್ದರು.

ಈ ಮನೆಯಲ್ಲಿ ಜ್ಞಾನೋಪದೇಶಕ್ಕೆ ಪ್ರತ್ಯೇಕ ಗಂಟೆಯಿತ್ತೆಂದು ಭಾವಿಸಬೇಡಿ. ಬೆಳಗ್ಗೆ ಎದ್ದೊಡನೆ ಹೃದಯವನ್ನು ದೇವರಿಗೆ ಒಪ್ಪಿಸುವ ಒಂದು ಸಾಲಿನ ಪ್ರಾರ್ಥನೆ, ಸಂಜೆ ಎಲ್ಲರೂ ಕೂಡಿ ಜಪ. ದಾರಿಯಲ್ಲಿ ಸಿಕ್ಕ ಅನಾಥ ಮುದುಕನನ್ನು ಮನೆಗೆ ಕರೆತಂದು ಉಣಬಡಿಸಿ, ಆಶ್ರಯ ದೊರಕಿಸಿಕೊಡುವ ತಂದೆ ತಾಯಿಯರನ್ನು ಮಕ್ಕಳು ನೋಡುತ್ತಿದ್ದರು. ಹಿರಿಯ ಮಗಳು ಮರೀ ತಂಗಿಯರಿಗೆ ಜಾರುವ ಮಣಿಗಳ ಸರವೊಂದನ್ನು ಕೊಟ್ಟಿದ್ದಳು. ಜಗಳದಲ್ಲಿ ಸೋತುಕೊಟ್ಟರೆ, ಬೇಕೆನಿಸಿದ್ದನ್ನು ಬಿಟ್ಟುಕೊಟ್ಟರೆ ಒಂದು ಮಣಿ ಎಳೆಯಬೇಕು. ಪುಟ್ಟ ತೆರೇಸ್ ದಿನಕ್ಕೆ ಎಷ್ಟೋ ಸಲ ಜೇಬಿಗೆ ಕೈಹಾಕುವುದನ್ನು ಕಂಡು ತಾಯಿಗೆ ನಗು. ತೋಟದಲ್ಲಿ ಆ ಇಬ್ಬರು ಮಕ್ಕಳು ಮಣಿಗಳ ಲೆಕ್ಕ ಮಾತನಾಡುವುದು ನೆರೆಮನೆಯಾಕೆಗೆ ಒಗಟಾಗಿತ್ತು. ಮಣಿ ಎಳೆಯದಿದ್ದರೆ ದಂಡನೆಯಿತ್ತೇ? ಇಲ್ಲ. ನಮ್ಮ ದೃಷ್ಟಿಯಲ್ಲಿ ಆ ಆಟದ ಗುಟ್ಟು ಅದೇ.

ಇಷ್ಟೇ ಆಗಿದ್ದರೆ ಇದು ಸುಖೀ ಕುಟುಂಬದ ಕಥೆಯಾಗುತ್ತಿತ್ತು. ಆದರೆ ನಡುವಿನ ಮಗಳು ಲಿಯೋನಿ ಇದ್ದಳು. 1863ರ ಜೂನ್ 3ರಂದು ಹುಟ್ಟಿದ ಆಕೆ ಬಾಲ್ಯದಿಂದಲೂ ರೋಗಿಷ್ಠೆ, ಕಲಿಕೆಯಲ್ಲಿ ಹಿಂದೆ, ಹಟದಲ್ಲಿ ಮುಂದೆ. ಲೆ ಮಾನ್ ಪಟ್ಟಣದ ವಿಸಿಟೇಷನ್ ಮಠದಲ್ಲಿ ಝೇಲಿಯವರ ಅಕ್ಕ ಕನ್ಯಾಸ್ತ್ರೀಯಾಗಿದ್ದರು. ಅಲ್ಲಿನ ಶಾಲೆಗೆ ಸೇರಿಸಿದರೆ ಮಗುವನ್ನು ಮನೆಗೆ ವಾಪಸು ಕಳುಹಿಸಲಾಯಿತು. ತಾಯಿ ಮುದ್ದಿನಿಂದ ಕರೆದರೂ ಹತ್ತಿರ ಬಾರಳು, ಗದರಿದರೂ ಬಗ್ಗಳು. ವಿಚಿತ್ರವೆಂದರೆ ಮನೆಯ ಸೇವಕಿಯ ಒಂದು ಮಾತಿಗೆ ಮಾತ್ರ ತಟ್ಟನೆ ವಿಧೇಯಳಾಗುತ್ತಿದ್ದಳು. ಆ ಸೇವಕಿ ಮಗುವನ್ನು ತಿದ್ದಬಲ್ಲಳೆಂದು ತಾಯಿ ನಂಬಿದ್ದರು.

1877ರ ಆರಂಭದಲ್ಲಿ ದೊಡ್ಡಮ್ಮ ಮರಣಶಯ್ಯೆಯಲ್ಲಿದ್ದರು. ಎಲ್ಲರೂ ಕೈಬಿಟ್ಟಂತಿದ್ದ ಲಿಯೋನಿ ಅವರಿಗೆ ತಾನಾಗಿಯೇ ಪತ್ರ ಬರೆದು, ಸ್ವರ್ಗ ಸೇರಿದ ಮೇಲೆ ತನಗೆ ನಿಜವಾದ ಕನ್ಯಾಸ್ತ್ರೀಯಾಗುವ ದೈವಕರೆಯನ್ನು ದೇವರಲ್ಲಿ ಬೇಡಿಕೊಡಬೇಕೆಂದು ಕೇಳಿಕೊಂಡಳು. ದೊಡ್ಡಮ್ಮ ಫೆಬ್ರವರಿ 24ರಂದು ತೀರಿಕೊಂಡರು. ಅದಾದ ಕೆಲವೇ ವಾರಗಳಲ್ಲಿ ಮರೀ ಮನೆಯೊಳಗಿನ ಗುಟ್ಟನ್ನು ಬಯಲಿಗೆಳೆದಳು. ಸೇವಕಿ ಆ ಮಗುವನ್ನು ಹೊಡೆದು ಬೆದರಿಸಿ, ತನ್ನ ಅಪ್ಪಣೆಯಿಲ್ಲದೆ ತಾಯಿಯ ಬಳಿಗೂ ಹೋಗದಂತೆ ಅಂಕೆಯಲ್ಲಿಟ್ಟುಕೊಂಡಿದ್ದಳು! ವಿಧೇಯತೆಯೆಂದು ತಾಯಿ ತಿಳಿದದ್ದು ಬರಿಯ ಭೀತಿಯಾಗಿತ್ತು.

ಸಂತ ಪದವಿಗೇರಿದ ಒಬ್ಬ ತಾಯಿ ತನ್ನ ಸೂರಿನ ಕೆಳಗೇ ಇದನ್ನು ಇಷ್ಟು ಕಾಲ ಕಾಣದೆ ಹೋದರೆಂಬುದು ನಮಗೆ ಮೊದಲು ಸೋಜಿಗವೆನಿಸಿತು. ಆದರೆ ಉಪದೇಶ ಬಾಯಿಪಾಠವಾಗದಿದ್ದರೆ ಬೆತ್ತ ಹಿಡಿಯುವ, ಜಪಕ್ಕೆ ಮೊಣಕಾಲೂರಿದ ಮಗುವಿನ ಮುಖವನ್ನೊಮ್ಮೆಯೂ ನೋಡದ ಮನೆಗಳನ್ನು ನಾವೂ ಕಂಡಿದ್ದೇವೆ. ತೆಪ್ಪಗಿರುವ ಮಗುವನ್ನು ಒಳ್ಳೆಯ ಮಗುವೆಂದು ತಿಳಿಯುವುದು ಎಲ್ಲರಿಗೂ ಸುಲಭ. ಝೇಲಿಯವರು ತಮ್ಮ ಕುರುಡನ್ನು ಸಮರ್ಥಿಸಿಕೊಳ್ಳಲಿಲ್ಲ. ಲಿಯೋನಿಯೊಡನೆ ಒಂದು ಮಾತನ್ನೂ ಆಡಕೂಡದೆಂದು ಸೇವಕಿಗೆ ಕಟ್ಟುನಿಟ್ಟಾಗಿ ಹೇಳಿ, ಮಗಳನ್ನು ತಮ್ಮ ಬಳಿಯಲ್ಲೇ ಇರಿಸಿಕೊಂಡರು. ಹದಿನಾಲ್ಕರ ಹತ್ತಿರದ ಆ ಹುಡುಗಿ ಕೆಲವೇ ದಿನಗಳಲ್ಲಿ ತಾಯಿಯ ಸೆರಗು ಬಿಡದಂತಾದಳು.

ಆದರೆ ಕಾಲ ಮಿಂಚಿತ್ತು. ಎದೆಯ ಗಡ್ಡೆ ಕ್ಯಾನ್ಸರ್ ಆಗಿ ಬಲಿತು, ಶಸ್ತ್ರಚಿಕಿತ್ಸೆಗೆ ತಡವಾಯಿತೆಂದು 1876ರ ಕೊನೆಯಲ್ಲೇ ವೈದ್ಯರು ಹೇಳಿದ್ದರು. ಅಲ್ಲಿಯವರೆಗೆ ದೈವಚಿತ್ತಕ್ಕೆ ತಲೆಬಾಗಿ ಸುಮ್ಮನಿದ್ದ ಝೇಲಿಯವರು ಈಗ ಬದುಕಬೇಕೆಂದು ಹಂಬಲಿಸಿದರು, ಲಿಯೋನಿಗಾಗಿ. ಜೂನ್ ತಿಂಗಳಲ್ಲಿ ಹಿರಿಯ ಮೂವರು ಹೆಣ್ಣುಮಕ್ಕಳೊಂದಿಗೆ ಲೂರ್ದಿಗೆ ಯಾತ್ರೆ ಹೋಗಿ, ಆ ತಣ್ಣೀರಿನ ಕೊಳದಲ್ಲಿ ನಾಲ್ಕು ಸಲ ಮುಳುಗಿ ಎದ್ದರು. ಗುಣವಾಗಲಿಲ್ಲ. 1877ರ ಆಗಸ್ಟ್ 28ರಂದು, ನಲವತ್ತೈದನೆಯ ವಯಸ್ಸಿನಲ್ಲಿ, ಕಣ್ಮುಚ್ಚಿದರು. ತೆರೇಸಳಿಗೆ ಆಗ ನಾಲ್ಕೂವರೆ ವರ್ಷ.

ಮುಂದಿನ ಕಥೆ ಬಹಳಷ್ಟು ಪ್ರಸಿದ್ಧವೇ. ಲೂಯಿಯವರು ಮಕ್ಕಳನ್ನು ಕರೆದುಕೊಂಡು ಲಿಸ್ಯೂ ಪಟ್ಟಣಕ್ಕೆ ಬಂದರು. ನಾಲ್ವರು ಹೆಣ್ಣುಮಕ್ಕಳು ಅಲ್ಲಿನ ಕಾರ್ಮೆಲ್ ಮಠ ಸೇರಿದರು. 1925ರಲ್ಲಿ ತೆರೇಸಮ್ಮನವರು ಸಂತರೆಂದು ಘೋಷಿತರಾದರು. 2015ರ ಅಕ್ಟೋಬರ್ 18ರಂದು ಜಗದ್ಗುರು ಫ್ರಾನ್ಸಿಸ್‌ರವರು ಝೇಲಿ ಮತ್ತು ಲೂಯಿ ಇಬ್ಬರಿಗೂ ಒಟ್ಟಿಗೆ ಸಂತ ಪದವಿಯನ್ನಿತ್ತರು. ಝೇಲಿಯವರ 218 ಪತ್ರಗಳು ಇಂದಿಗೂ ಉಳಿದಿವೆ. ಅವುಗಳಲ್ಲಿ ಲೇಸ್ ವ್ಯಾಪಾರದ ಚಿಂತೆ, ಮಕ್ಕಳ ಜ್ವರ, ಲಿಯೋನಿಯ ಹಟ ಎಲ್ಲವೂ ಇವೆ.

ಲಿಯೋನಿ ಏನಾದಳು? ಮೂರು ಸಲ ಮಠ ಸೇರಿ ಮೂರು ಸಲವೂ ಹೊರಬಂದಳು. ಒಮ್ಮೆಯೂ ಮನೆಯವರು ಬಾಗಿಲು ಮುಚ್ಚಲಿಲ್ಲ. ತಾಯಿ ತೀರಿಕೊಂಡು ಇಪ್ಪತ್ತೊಂದು ವರ್ಷಗಳು ಕಳೆದ ಮೇಲೆ, 1899ರ ಜನವರಿಯಲ್ಲಿ, ನಾಲ್ಕನೆಯ ಬಾರಿ ಕಾನ್ ಪಟ್ಟಣದ ವಿಸಿಟೇಷನ್ ಮಠದ ಬಾಗಿಲು ತಟ್ಟಿದಳು. ದೊಡ್ಡಮ್ಮನ ಸಭೆ ಅದೇ. ಈ ಬಾರಿ ಹೊರಬರಲಿಲ್ಲ. ಸಿಸ್ಟರ್ ಫ್ರಾನ್ಸ್ವಾಸ್ ತೆರೇಸ್ ಎಂಬ ಹೆಸರಿನಲ್ಲಿ ನಲವತ್ತೆರಡು ವರ್ಷ ಅಲ್ಲಿದ್ದು, 1941ರ ಜೂನ್ ತಿಂಗಳಲ್ಲಿ ನಿಧನರಾದರು. ಅವರ ಧನ್ಯ ಪದವಿಯ ವಿಚಾರಣೆ 2015ರಲ್ಲಿ ಆರಂಭವಾಯಿತು. ಮಕ್ಕಳ ವಿಷಯದಲ್ಲಿ ನೊಂದ ತಂದೆ ತಾಯಿಯರು ಅವರ ಸಮಾಧಿಯ ಬಳಿಗೆ ಹೋಗಿ ಪ್ರಾರ್ಥಿಸುವುದುಂಟು.