ಗಾಳಿಪಟಕ್ಕೆ ಸಿಡಿಲು ಬಡಿಯಲೇ ಇಲ್ಲ! ಸುಂಟರಗಾಳಿಯ ಬೆನ್ನಟ್ಟಿದ ಬೆಂಜಮಿನ್ ಫ್ರಾಂಕ್ಲಿನ್ ಕಥೆ

ಏಪ್ರಿಲ್ ಕೊನೆಗೆ ಭರಣಿ ಮಳೆ ಹುಟ್ಟುವ ಹೊತ್ತಿಗೆ ನಮ್ಮ ಕಡೆ ಎರಡು ತಪ್ಪದೆ ಬರುತ್ತವೆ. ಮಧ್ಯಾಹ್ನದ ಮೇಲೆ ಗುಡುಗು, ಅದರ ಹಿಂದೆಯೇ ವಾಟ್ಸ್ಆ್ಯಪ್ ಫಾರ್ವರ್ಡು. ಮೊಬೈಲು ಸಿಡಿಲನ್ನು ಸೆಳೆಯುತ್ತದಂತೆ. ಗೋಪುರದ ಮೇಲೆ ಕಲಶವಿದ್ದರೆ ಊರಿಗೇ ಸಿಡಿಲು ಬಡಿಯುವುದಿಲ್ಲವಂತೆ. ಸಿಡಿಲು ಬಡಿದವರನ್ನು ಮುಟ್ಟಿದರೆ ನಮಗೂ ಶಾಕ್ ಹೊಡೆಯುತ್ತದಂತೆ. ಇವುಗಳ ಜೊತೆಗೆ ಒಂದು ಚಿತ್ರವೂ ಓಡಾಡುತ್ತದೆ: ಮಳೆಯಲ್ಲಿ ನಿಂತ ಮುದುಕ, ಪಕ್ಕದಲ್ಲಿ ಪುಟ್ಟ ಹುಡುಗ, ಆಕಾಶದಲ್ಲಿ ಸಿಡಿಲು ಬಡಿದ ಗಾಳಿಪಟ.

ಆ ಚಿತ್ರದಲ್ಲಿರುವವರು ಬೆಂಜಮಿನ್ ಫ್ರಾಂಕ್ಲಿನ್. ಅವರ ಬದುಕನ್ನು ಸರಿಯಾಗಿ ತಿಳಿದುಕೊಂಡರೆ ಈ ಫಾರ್ವರ್ಡುಗಳಲ್ಲಿ ಯಾವುದನ್ನು ನಂಬಬೇಕು, ಯಾವುದನ್ನು ಡಿಲೀಟ್ ಮಾಡಬೇಕು ಎಂಬುದೂ ಗೊತ್ತಾಗುತ್ತದೆ.

ಎರಡೇ ವರ್ಷ ಶಾಲೆ

ಫ್ರಾಂಕ್ಲಿನ್ ಹುಟ್ಟಿದ್ದು 1706ರ ಜನವರಿ 17ರಂದು, ಅಮೆರಿಕದ ಬಾಸ್ಟನ್‌ನಲ್ಲಿ. ತಂದೆ ಮೇಣದಬತ್ತಿ, ಸಾಬೂನು ತಯಾರಿಸುತ್ತಿದ್ದರು. 17 ಮಕ್ಕಳಲ್ಲಿ ಇವರು 15ನೆಯವರು. ಶಾಲೆಗೆ ಹೋದದ್ದು ಸುಮಾರು ಎರಡು ವರ್ಷ ಮಾತ್ರ. 12ನೇ ವಯಸ್ಸಿಗೆ ಅಣ್ಣನ ಮುದ್ರಣಾಲಯದಲ್ಲಿ ಕೆಲಸಕ್ಕೆ ಸೇರಿದರು. 17ನೇ ವಯಸ್ಸಿಗೆ ಅಲ್ಲಿಂದ ಓಡಿಹೋಗಿ ಫಿಲಡೆಲ್ಫಿಯಾ ಸೇರಿದರು.

ಮುಂದೆ ಸ್ವಂತ ಮುದ್ರಣಾಲಯ, ಪತ್ರಿಕೆ ಎಲ್ಲ ಆಯಿತು. 1732ರಲ್ಲಿ ಒಂದು ವಾರ್ಷಿಕ ಪಂಚಾಂಗ ಶುರು ಮಾಡಿದರು. ನಾವು ಯುಗಾದಿಗೆ ಪಂಚಾಂಗ ಕೊಳ್ಳುವ ಹಾಗೆ ಅಲ್ಲಿನ ಜನ ಅದನ್ನು ಕೊಳ್ಳುತ್ತಿದ್ದರು. ಇಡೀ ವರ್ಷದ ಮಳೆ-ಗಾಳಿಯ ಭವಿಷ್ಯವೂ ಅದರಲ್ಲಿ ಇರುತ್ತಿತ್ತು. ಆದರೆ ಆ ಭವಿಷ್ಯವನ್ನು ಅಚ್ಚು ಹಾಕಿದವರೇ ಅದನ್ನು ಗೇಲಿ ಮಾಡುತ್ತಿದ್ದರು!

ಗ್ರಹಣ ಕಾಣಲಿಲ್ಲ, ಬಿರುಗಾಳಿಯ ಗುಟ್ಟು ಸಿಕ್ಕಿತು

1743ರ ಅಕ್ಟೋಬರ್‌ನಲ್ಲಿ ಚಂದ್ರಗ್ರಹಣ ನೋಡಲು ಫ್ರಾಂಕ್ಲಿನ್ ಕಾದು ಕುಳಿತಿದ್ದರು. ಅಷ್ಟರಲ್ಲಿ ಈಶಾನ್ಯ ದಿಕ್ಕಿನಿಂದ ಬಿರುಗಾಳಿ ಬೀಸಿ ಮೋಡ ಮುಚ್ಚಿತು. ಬಾಸ್ಟನ್ ಇರುವುದು ಫಿಲಡೆಲ್ಫಿಯಾಕ್ಕೆ ಈಶಾನ್ಯದಲ್ಲೇ. ಹಾಗಾಗಿ ಅಲ್ಲಿಗೆ ಇನ್ನೂ ಮೊದಲೇ ಬಿರುಗಾಳಿ ಬಂದಿರಬೇಕು ಎಂದುಕೊಂಡರು. ಆಮೇಲೆ ವಿಚಾರಿಸಿದರೆ ಬಾಸ್ಟನ್‌ನವರು ಗ್ರಹಣವನ್ನು ಚೆನ್ನಾಗಿ ನೋಡಿದ್ದರು. ಬಿರುಗಾಳಿ ಅಲ್ಲಿಗೆ ಬಂದದ್ದು ತಡವಾಗಿ.

ಅಂದರೆ ಗಾಳಿ ಬೀಸುವ ದಿಕ್ಕೇ ಬೇರೆ, ಬಿರುಗಾಳಿ ಸಾಗುವ ದಿಕ್ಕೇ ಬೇರೆ. ಇಂದು ಇದು ಸಾಮಾನ್ಯ ಜ್ಞಾನ. ಆದರೆ ಅಂದು ಎರಡು ಊರುಗಳ ಸುದ್ದಿಯನ್ನು ಪಕ್ಕಪಕ್ಕ ಇಟ್ಟು ನೋಡಿದ್ದರಿಂದ ಇದು ಹೊಳೆಯಿತು. ಕೆ.ಆರ್.ಪೇಟೆಯ ನೆಂಟರು ಫೋನ್ ಮಾಡಿ ನಮ್ಮಲ್ಲಿ ಮಳೆ, ನಿಮ್ಮಲ್ಲಿ ಹೇಗೆ ಎಂದು ಪಾಂಡವಪುರದವರನ್ನು ಕೇಳುತ್ತಾರಲ್ಲ, ಅದೇ ಲೆಕ್ಕ.

ಗಾಳಿಪಟದ ನಿಜ ಸಂಗತಿ

ಮಿಂಚು ಎಂದರೆ ವಿದ್ಯುತ್ತೇ ಎಂಬುದು ಫ್ರಾಂಕ್ಲಿನ್ ಅವರ ಊಹೆಯಾಗಿತ್ತು. ಅದನ್ನು ಪರೀಕ್ಷಿಸುವ ವಿಧಾನವನ್ನೂ ಅವರು ಬರೆದು ಕಳಿಸಿದ್ದರು. 1752ರ ಮೇ ತಿಂಗಳಲ್ಲಿ ಫ್ರಾನ್ಸಿನಲ್ಲಿ ಆ ವಿಧಾನದಿಂದಲೇ ಮೊದಲು ಅದು ಸಾಬೀತಾಯಿತು. ಅವರು ಗಾಳಿಪಟ ಹಾರಿಸಿದ್ದು ಜೂನ್‌ನಲ್ಲಿ. ಆಗ ಅವರು ಮುದುಕರಲ್ಲ, ವಯಸ್ಸು 46. ಜೊತೆಗಿದ್ದ ಮಗ ಪುಟ್ಟ ಹುಡುಗನೂ ಅಲ್ಲ, 20 ದಾಟಿದ ಯುವಕ.

ಮುಖ್ಯವಾಗಿ, ಗಾಳಿಪಟಕ್ಕೆ ಸಿಡಿಲು ಬಡಿಯಲೇ ಇಲ್ಲ. ಮೋಡದ ಕೆಳಗಿನ ಗಾಳಿಯಲ್ಲಿದ್ದ ವಿದ್ಯುದಂಶ ಒದ್ದೆ ದಾರದ ಮೂಲಕ ಇಳಿದು, ದಾರಕ್ಕೆ ಕಟ್ಟಿದ್ದ ಬೀಗದ ಕೈಯಿಂದ ಕಿಡಿ ಹಾರಿತು, ಅಷ್ಟೇ. ನಿಜವಾಗಿ ಸಿಡಿಲು ಬಡಿದಿದ್ದರೆ ಫ್ರಾಂಕ್ಲಿನ್ ಬಹುಶಃ ಅಂದೇ ಸಾಯುತ್ತಿದ್ದರು.

ಉದಾಹರಣೆಗೆ ರಿಚ್‌ಮನ್ ಎಂಬ ವಿಜ್ಞಾನಿಯನ್ನು ನೋಡಿ. 1753ರಲ್ಲಿ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಅವರು ಮನೆಯ ಮೇಲೆ ಕಬ್ಬಿಣದ ಸಲಾಕೆ ನಿಲ್ಲಿಸಿ ಇಂಥದ್ದೇ ಪ್ರಯೋಗಕ್ಕೆ ಇಳಿದರು. ಆ ಸಲಾಕೆಗೆ ನೆಲದ ಸಂಪರ್ಕ, ಅಂದರೆ ಅರ್ಥಿಂಗ್ ಇರಲಿಲ್ಲ. ಸಿಡಿಲು ಬಡಿದು ಅವರು ಮನೆಯೊಳಗೇ ತೀರಿಕೊಂಡರು.

ಸಲಾಕೆ, ತಂತಿ, ನೆಲ

ಅದೇ 1753ರ ತಮ್ಮ ಪಂಚಾಂಗದಲ್ಲಿ ಫ್ರಾಂಕ್ಲಿನ್ ಸಿಡಿಲಿನಿಂದ ಮನೆ ಉಳಿಸಿಕೊಳ್ಳುವ ಉಪಾಯ ಪ್ರಕಟಿಸಿದರು. ಮೇಲೆ ಲೋಹದ ಸಲಾಕೆ, ಅಲ್ಲಿಂದ ಎಲ್ಲೂ ತುಂಡಾಗದೆ ಇಳಿಯುವ ತಂತಿ, ಕೊನೆಗೆ ತೇವದ ಮಣ್ಣಿನಲ್ಲಿ ಆಳಕ್ಕೆ ಹೂತ ತುದಿ. ಇದಕ್ಕೆ ಅವರು ಪೇಟೆಂಟ್ ಪಡೆಯಲಿಲ್ಲ. ಚೂಪು ಸಲಾಕೆ ಮೋಡದ ವಿದ್ಯುತ್ತನ್ನು ಮೆಲ್ಲಗೆ ಹೀರಿ ಸಿಡಿಲನ್ನೇ ತಪ್ಪಿಸುತ್ತದೆ ಎಂದೂ ಅವರು ನಂಬಿದ್ದರು. ಅದು ಸರಿಯಲ್ಲ. ಬಡಿದ ಸಿಡಿಲಿಗೆ ನೆಲಕ್ಕಿಳಿಯಲು ಸುರಕ್ಷಿತ ದಾರಿ ಕೊಡುವುದೇ ಅದರ ಕೆಲಸ.

ಕಲಶದ ಫಾರ್ವರ್ಡಿಗೆ ಉತ್ತರ ಇಲ್ಲೇ ಇದೆ. ಶ್ರೀರಂಗಪಟ್ಟಣವಿರಲಿ, ನಾಗಮಂಗಲವಿರಲಿ, ಗೋಪುರದ ಕಲಶಕ್ಕೆ ತನ್ನದೇ ಧಾರ್ಮಿಕ ಮಹತ್ವವಿದೆ. ಆದರೆ ತಂತಿಯೂ ಅರ್ಥಿಂಗೂ ಇಲ್ಲದ ಕಲಶ ಸಿಡಿಲು ನಿರೋಧಕ ಆಗುವುದಿಲ್ಲ. ಊರಿಗೆಲ್ಲ ರಕ್ಷಣೆ ಎಂಬುದಂತೂ ದೂರದ ಮಾತು.

ಕುದುರೆ ಮೇಲೆ, ಸುಂಟರಗಾಳಿಯ ಹಿಂದೆ

ಇಂದು ಅಮೆರಿಕದ ಬಯಲು ಸೀಮೆಯಲ್ಲಿ ಬಿರುಗಾಳಿ, ಸುಂಟರಗಾಳಿಗಳನ್ನು ಕಾರಿನಲ್ಲಿ ಬೆನ್ನಟ್ಟುವವರಿದ್ದಾರೆ. ಕೆಲವರು ಅಧ್ಯಯನಕ್ಕೆ, ಕೆಲವರು ವಿಡಿಯೋಗೆ. ಅವರೆಲ್ಲರಿಗಿಂತ ಇನ್ನೂರು ವರ್ಷ ಮೊದಲೇ ಫ್ರಾಂಕ್ಲಿನ್ ಆ ಕೆಲಸ ಮಾಡಿದ್ದರು. 1755ರಲ್ಲಿ ಮೇರಿಲ್ಯಾಂಡ್‌ನಲ್ಲಿ ಸ್ನೇಹಿತರ ಜೊತೆ ಕುದುರೆ ಸವಾರಿ ಹೋಗುವಾಗ ಒಂದು ಧೂಳಿನ ಸುಳಿ ಎದ್ದಿತು. ಉಳಿದವರು ನಿಂತು ನೋಡಿದರು. ಇವರು ಮಾತ್ರ ಅದರ ಪಕ್ಕದಲ್ಲೇ ಕುದುರೆ ಓಡಿಸಿದರು. ಚಾವಟಿಯಿಂದ ಬೀಸಿ ಸುಳಿಯನ್ನು ಒಡೆಯಲು ನೋಡಿದರು. ಅದೇನೂ ಒಡೆಯಲಿಲ್ಲ. ಸುಳಿ ಕಾಡಿಗೆ ನುಗ್ಗಿ ಒಣಗಿದ ಎಲೆಗಳನ್ನೆಲ್ಲ ಎತ್ತಿ ತಿರುಗಿಸತೊಡಗಿತು. ಕೊಂಬೆ ತಲೆಯ ಮೇಲೆ ಬೀಳಬಹುದು ಅನ್ನಿಸಿದಾಗ ಅವರು ನಿಂತರು. ಹೇಗೆ ಹಿಂಬಾಲಿಸಬೇಕು ಎಂಬುದರಷ್ಟೇ ಎಲ್ಲಿ ನಿಲ್ಲಬೇಕು ಎಂಬುದೂ ಅವರಿಗೆ ಗೊತ್ತಿತ್ತು.

ಅಂದೂ ಸುಳ್ಳು ಸುದ್ದಿ ಇತ್ತು

ಅದೇ ವರ್ಷ ನವೆಂಬರ್‌ನಲ್ಲಿ ಬಾಸ್ಟನ್ ಸುತ್ತ ಭೂಕಂಪವಾಯಿತು. ಸಿಡಿಲಿನ ಸಲಾಕೆಗಳು ವಿದ್ಯುತ್ತನ್ನು ನೆಲಕ್ಕೆ ತುಂಬಿದ್ದೇ ಇದಕ್ಕೆ ಕಾರಣವಿರಬಹುದು ಎಂದು ಅಲ್ಲಿನ ಪಾದ್ರಿಯೊಬ್ಬರು ಬರೆದರು. ಫೋನ್ ಇಲ್ಲದ ಕಾಲದ ಫಾರ್ವರ್ಡ್ ಅದು! ಆದರೂ ಕಾಲಕ್ರಮೇಣ ಸಲಾಕೆ ಜಗತ್ತಿನ ಕಟ್ಟಡಗಳನ್ನೆಲ್ಲ ಏರಿತು.

ಅಮೆರಿಕ ಬ್ರಿಟಿಷರ ವಿರುದ್ಧ ಹೋರಾಡುವಾಗ ಫ್ರಾಂಕ್ಲಿನ್ ರಾಯಭಾರಿಯಾಗಿ ಪ್ಯಾರಿಸ್‌ನಲ್ಲಿದ್ದರು. ಆ ಹೊತ್ತಿನಲ್ಲಿ, 1782ರಲ್ಲಿ, ಅವರ ಪೆನ್ಸಿಲ್ವೇನಿಯಾದ ಯುದ್ಧನೌಕೆಯೊಂದು ಬ್ರಿಟಿಷ್ ಹಡಗನ್ನು ಸೆರೆಹಿಡಿಯಿತು. ಆ ನೌಕೆಯ ಹೆಸರು ಹೈದರ್ ಅಲಿ. ಹೌದು, ಶ್ರೀರಂಗಪಟ್ಟಣದ ಗುಂಬಜ್‌ನಲ್ಲಿ ಮಲಗಿರುವ ಅದೇ ಹೈದರಾಲಿ. 1790ರ ಏಪ್ರಿಲ್ 17ರಂದು, 84ನೇ ವಯಸ್ಸಿನಲ್ಲಿ ಫ್ರಾಂಕ್ಲಿನ್ ತೀರಿಕೊಂಡಾಗ ಇಲ್ಲಿ ಟಿಪ್ಪು ಆಳುತ್ತಿದ್ದ.

ಹಾಗಾದರೆ ಗುಡುಗಿದಾಗ ಏನು ಮಾಡಬೇಕು?

ಮಿಂಚಿದ ಮೇಲೆ ಗುಡುಗು ಕೇಳಿಸುವವರೆಗೆ ಸೆಕೆಂಡು ಎಣಿಸಿ. ಮೂರು ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರ್ ದೂರ. ಎಣಿಕೆ 30 ದಾಟದಿದ್ದರೆ ನೀವು ಅಪಾಯದ ವಲಯದಲ್ಲಿದ್ದೀರಿ. ಗದ್ದೆ, ತೋಟದ ಕೆಲಸ ಬಿಟ್ಟು ಪಕ್ಕಾ ಮನೆಯೊಳಗೆ ಅಥವಾ ಬಾಗಿಲು ಮುಚ್ಚಿದ ಕಾರು, ಬಸ್ಸಿನೊಳಗೆ ಸೇರಿ. ತೆಂಗು, ಮಾವು, ಹುಣಸೆ, ಯಾವ ಮರದ ಕೆಳಗೂ ನಿಲ್ಲಬೇಡಿ. ಪಂಪ್‌ಸೆಟ್ ಸ್ಟಾರ್ಟರ್, ತಂತಿಬೇಲಿ ಮುಟ್ಟಬೇಡಿ. ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಕಾಯಿರಿ.

ಮೊಬೈಲು ಸಿಡಿಲನ್ನು ಸೆಳೆಯುವುದಿಲ್ಲ. ಚಾರ್ಜಿಗೆ ಹಾಕಿದ ಫೋನ್ ಮಾತ್ರ ಬಳಸಬೇಡಿ. ಸಿಡಿಲು ಬಡಿದವರ ಮೈಯಲ್ಲಿ ಕರೆಂಟ್ ಉಳಿದಿರುವುದಿಲ್ಲ, ಮುಟ್ಟಿದರೆ ಶಾಕ್ ಹೊಡೆಯುವುದಿಲ್ಲ. ಕೂಡಲೇ 108ಕ್ಕೆ ಕರೆ ಮಾಡಿ. ಉಸಿರು ನಿಂತಿದ್ದರೆ ಎದೆಯ ಮಧ್ಯಭಾಗವನ್ನು ನಿಮಿಷಕ್ಕೆ 100ರಿಂದ 120 ಬಾರಿ ಜೋರಾಗಿ ಒತ್ತುತ್ತಿರಿ. ಆ ಸುಳ್ಳು ಫಾರ್ವರ್ಡಿಗೆ ಹೆದರಿ ದೂರ ನಿಂತರೆ, ಬದುಕಬಹುದಾಗಿದ್ದ ಒಬ್ಬರು ಕಣ್ಣೆದುರೇ ಹೋಗಿಬಿಡಬಹುದು.

ಗಾಳಿಪಟದ ಚಿತ್ರ ಮತ್ತೆ ನಿಮ್ಮ ಗ್ರೂಪಿಗೆ ಬಂದರೆ, ಅದರ ಕೆಳಗೆ ಇದನ್ನು ಹಾಕಿ.