20 ಅಡಿ ನೀರು ತಾನೇ, ಏನಾಗುತ್ತೆ? ಡೈವರ್‌ಗಳ ಜೀವ ಕಾಪಾಡಿದ ಹಾಲ್ಡೇನ್ ಕಥೆ

ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ ಟೋಬರ್‌ಮೊರಿ ಎಂಬ ಪುಟ್ಟ ಊರಿದೆ. ಅಲ್ಲಿನ ಬಿಗ್ ಟಬ್ ಬಂದರಿನಲ್ಲಿ, ದಡಕ್ಕೆ ಹತ್ತಿರದಲ್ಲೇ, ಸುಮಾರು 20 ಅಡಿ ನೀರಿನಲ್ಲಿ ‘ಸ್ವೀಪ್‌ಸ್ಟೇಕ್ಸ್’ ಎಂಬ ಮರದ ಹಾಯಿಹಡಗು ಮಲಗಿದೆ. ಮುಳುಗಿದ್ದು 1885ರಲ್ಲಿ. ಇದು ಹ್ಯೂರಾನ್ ಸರೋವರದ ಸಿಹಿನೀರು. ಸಮುದ್ರದಲ್ಲಿ ಮರ ತಿನ್ನುವ ಹುಳುಗಳು ಇಲ್ಲಿ ಬದುಕುವುದಿಲ್ಲ, ನೀರೂ ತಣ್ಣಗಿದೆ. ಹಾಗಾಗಿ ಹಡಗಿನ ಒಡಲು ಇಂದಿಗೂ ಬಹುಪಾಲು ಉಳಿದಿದೆ. ದೋಣಿಯಲ್ಲಿ ಕುಳಿತು ಬಗ್ಗಿದರೂ ಕಾಣುತ್ತದೆ.

ಇಂಥ ಫೋಟೊ ನೋಡಿದವರಿಗೆ ಅನ್ನಿಸುವುದು ಒಂದೇ: ಇಷ್ಟು ಕಡಿಮೆ ಆಳದಲ್ಲಿ ಸ್ಕೂಬಾ ಡೈವಿಂಗ್ ಮಾಡಿದರೆ ಅಪಾಯವೇ ಇಲ್ಲ. ಇದು ನಿಜವೇ?

ಅರ್ಧ ಮಾತ್ರ ನಿಜ. ಅಪಾಯ ಇರುವುದು ಇಳಿಯುವ ಆಳದಲ್ಲಿ ಮಾತ್ರವಲ್ಲ, ಮೇಲೆ ಬರುವ ರೀತಿಯಲ್ಲೂ ಇದೆ. ಮೇಲೆ ಬರುವುದಕ್ಕೊಂದು ಲೆಕ್ಕ ಹಾಕಿಕೊಟ್ಟವರು ಜಾನ್ ಸ್ಕಾಟ್ ಹಾಲ್ಡೇನ್.

ಯಾರು ಈ ಹಾಲ್ಡೇನ್?

1860ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೊದಲ್ಲಿ ಹುಟ್ಟಿದರು. ಓದಿದ್ದು ವೈದ್ಯಕೀಯ. ಆದರೆ ಅವರ ಆಸಕ್ತಿಯೆಲ್ಲ ಮನುಷ್ಯ ಉಸಿರಾಡುವ ಗಾಳಿಯ ಮೇಲೆ. ಆಕ್ಸ್‌ಫರ್ಡ್‌ನಲ್ಲಿ ಕೆಲಸ ಮಾಡುತ್ತಾ ಕಲ್ಲಿದ್ದಲು ಗಣಿಗಳಿಗೆ ಇಳಿದು ಪರೀಕ್ಷೆ ನಡೆಸುತ್ತಿದ್ದರು.

1896ರಲ್ಲಿ ವೇಲ್ಸ್‌ನ ಟೈಲರ್ಸ್‌ಟೌನ್ ಗಣಿಯಲ್ಲಿ ಸ್ಫೋಟವಾಗಿ 57 ಮಂದಿ ಸತ್ತರು. ಸ್ಫೋಟದ ಹೊಡೆತಕ್ಕೇ ಸತ್ತರೆಂದು ಎಲ್ಲರೂ ಅಂದುಕೊಂಡಿದ್ದರು. ಹಾಲ್ಡೇನ್ ದೇಹಗಳನ್ನು ಪರೀಕ್ಷಿಸಿ, ಹೆಚ್ಚಿನವರು ಆಮೇಲೆ ಹರಡಿದ ಕಾರ್ಬನ್ ಮೊನಾಕ್ಸೈಡ್ ಅನಿಲದಿಂದ ಸತ್ತಿದ್ದಾರೆ ಎಂದು ತೋರಿಸಿದರು. ಆ ವಿಷಾನಿಲವನ್ನು ತಾವೇ ಉಸಿರಾಡಿ ಪರಿಣಾಮ ಬರೆದಿಟ್ಟುಕೊಂಡವರು ಅವರು. ಗಣಿಗೆ ಇಳಿಯುವಾಗ ಇಲಿ ಅಥವಾ ಪುಟ್ಟ ಹಕ್ಕಿಯನ್ನು ಜೊತೆಗೆ ಒಯ್ಯಿರಿ, ಮನುಷ್ಯನಿಗಿಂತ ಮೊದಲೇ ಅದು ಕುಸಿದು ಎಚ್ಚರಿಸುತ್ತದೆ ಎಂಬುದು ಅವರ ಸಲಹೆ. ಗಣಿಗಳಲ್ಲಿ ಕ್ಯಾನರಿ ಹಕ್ಕಿ ಬಂದದ್ದು ಹೀಗೆ.

ಆಡುಗಳು ಕಲಿಸಿದ ಪಾಠ

ಆಗ ಬ್ರಿಟಿಷ್ ನೌಕಾಪಡೆಗೊಂದು ತಲೆನೋವಿತ್ತು. ಆಳಕ್ಕೆ ಇಳಿದ ಡೈವರ್‌ಗಳು ಮೇಲೆ ಬಂದ ಮೇಲೆ ಕೀಲುನೋವಿನಿಂದ ನರಳುತ್ತಿದ್ದರು. ಕೆಲವರ ಕೈಕಾಲು ಬೀಳುತ್ತಿತ್ತು, ಕೆಲವರು ಸಾಯುತ್ತಿದ್ದರು. ಕಾರಣ ಆಗಲೇ ಗೊತ್ತಿತ್ತು. ಒತ್ತಡದಲ್ಲಿ ಉಸಿರಾಡಿದ ಗಾಳಿಯ ನೈಟ್ರೋಜನ್ ರಕ್ತ, ಮಾಂಸದಲ್ಲಿ ಕರಗಿರುತ್ತದೆ. ಒತ್ತಡ ತಟ್ಟನೆ ಇಳಿದರೆ ಅದು ಗುಳ್ಳೆಯಾಗುತ್ತದೆ. ಸೋಡಾ ಬಾಟಲಿ ತೆರೆದಾಗ ಬುಸ್ಸೆಂದು ಗುಳ್ಳೆ ಏಳುವ ಹಾಗೆ! ಗೊತ್ತಿಲ್ಲದಿದ್ದದ್ದು, ಎಷ್ಟು ನಿಧಾನವಾಗಿ ಮೇಲೆ ಬರಬೇಕು ಎಂಬುದು.

ಹಾಲ್ಡೇನ್ ಲಂಡನ್ನಿನ ಲಿಸ್ಟರ್ ಸಂಸ್ಥೆಯ ದೊಡ್ಡ ಉಕ್ಕಿನ ಕೋಣೆಯಲ್ಲಿ ಆಡುಗಳನ್ನು ಇಟ್ಟು, ಒತ್ತಡ ಏರಿಸಿ, ಬೇರೆ ಬೇರೆ ವೇಗದಲ್ಲಿ ಇಳಿಸಿ ನೋಡಿದರು. ತೊಂದರೆಯಾದ ಆಡು ನೋವಿಗೆ ಮುಂಗಾಲು ಎತ್ತಿಕೊಂಡು ನಿಲ್ಲುತ್ತಿತ್ತು. ಕೊನೆಗೆ ಸಿಕ್ಕಿದ್ದು ಸರಳ ಸೂತ್ರ: ಒತ್ತಡ ಅರ್ಧಕ್ಕೆ ಇಳಿಯುವವರೆಗೆ ದೇಹ ತಡೆದುಕೊಳ್ಳುತ್ತದೆ. ಅಲ್ಲಿಂದ ಮೇಲೆ ಮೆಟ್ಟಿಲು ಮೆಟ್ಟಿಲಾಗಿ, ನಿಂತು ನಿಂತು ಬರಬೇಕು.

1906ರಲ್ಲಿ ಸ್ಕಾಟ್ಲೆಂಡಿನ ಕಡಲಲ್ಲಿ ನೌಕಾಪಡೆಯ ಡ್ಯಾಮೆಂಟ್ ಮತ್ತು ಕ್ಯಾಟೊ ಈ ಲೆಕ್ಕವನ್ನು ನಂಬಿ 210 ಅಡಿ ಆಳಕ್ಕೆ ಇಳಿದು ಕ್ಷೇಮವಾಗಿ ಬಂದರು. ಹಾಲ್ಡೇನ್ ತಮ್ಮ 13 ವರ್ಷದ ಮಗ ಜ್ಯಾಕ್‌ನನ್ನೂ ನೀರಿಗಿಳಿಸಿದರು! ಡೈವಿಂಗ್ ಉಡುಪು ಹುಡುಗನಿಗೆ ದೊಡ್ಡದಾಗಿ ಒಳಗೆ ನೀರು ನುಗ್ಗಿತು, ಆದರೂ ಸುರಕ್ಷಿತವಾಗಿ ಬಂದ. 1908ರಲ್ಲಿ ಹಾಲ್ಡೇನ್ ಅವರ ಕೋಷ್ಟಕಗಳು ಪ್ರಕಟವಾದವು.

ಮುಂದೆ ಇದೇ ಡ್ಯಾಮೆಂಟ್ ಐರ್ಲೆಂಡ್ ಬಳಿ ಮುಳುಗಿದ ‘ಲಾರೆಂಟಿಕ್’ ಹಡಗಿನಿಂದ 1917ರಿಂದ 1924ರ ನಡುವೆ 3,211 ಚಿನ್ನದ ಗಟ್ಟಿಗಳಲ್ಲಿ 3,186 ಮೇಲೆತ್ತಿಸಿದರು. ಒಬ್ಬ ಡೈವರ್ ಕೂಡ ಸಾಯಲಿಲ್ಲ.

ಹಾಗಾದರೆ 20 ಅಡಿ ಸುರಕ್ಷಿತವೇ?

ಹಾಲ್ಡೇನ್ ಸೂತ್ರದ ಪ್ರಕಾರ ಸುಮಾರು 33 ಅಡಿವರೆಗೆ ಇಳಿದವರು ನೇರವಾಗಿ ಮೇಲೆ ಬರಬಹುದು. ಬಹಳ ಹೊತ್ತು ಇದ್ದವರಿಗೆ ಈ ಮಿತಿಯೂ ತುಸು ಹೆಚ್ಚೇ ಎಂದು ನಂತರದ ಅನುಭವ ತೋರಿಸಿತು. 20 ಅಡಿಯಲ್ಲಿ ನೈಟ್ರೋಜನ್ ಗುಳ್ಳೆಯ ಭಯ ತೀರಾ ಕಡಿಮೆ, ಅದು ಸರಿ. ಆದರೆ ಆ ಸೂತ್ರ ನೈಟ್ರೋಜನ್‌ಗೆ ಮಾತ್ರ, ಶ್ವಾಸಕೋಶಕ್ಕಲ್ಲ.

20 ಅಡಿ ಕೆಳಗೆ ಸಿಲಿಂಡರ್‌ನಿಂದ 5 ಲೀಟರ್ ಗಾಳಿ ಎಳೆದುಕೊಂಡು, ಗಾಬರಿಯಲ್ಲಿ ಉಸಿರು ಕಟ್ಟಿ ಮೇಲೆ ಬಂದರೆ, ಅದೇ ಗಾಳಿ ಸುಮಾರು 8 ಲೀಟರ್ ಆಗಲು ಹಿಗ್ಗುತ್ತದೆ. ಶ್ವಾಸಕೋಶ ಹರಿಯಬಹುದು, ಗಾಳಿಗುಳ್ಳೆ ರಕ್ತದ ಮೂಲಕ ಮೆದುಳು ಸೇರಬಹುದು. ನಾಲ್ಕೈದು ಅಡಿ ಆಳದಲ್ಲೂ ಹೀಗಾಗಬಹುದು. ಊರ ಬಾವಿಯಲ್ಲಿ ಉಸಿರು ಕಟ್ಟಿ ಮುಳುಗಿ ಏಳುವವರಿಗೆ ಹೀಗಾಗುವುದಿಲ್ಲ. ಏಕೆಂದರೆ ಅವರು ಒಯ್ದದ್ದು ಮೇಲಿನ ಗಾಳಿಯನ್ನೇ.

ಬೆನ್ನ ಮೇಲಿರುವುದು ಆಕ್ಸಿಜನ್ ಸಿಲಿಂಡರ್ ಅಲ್ಲವೇ?

ಅಲ್ಲ. ಸಾಮಾನ್ಯ ಸ್ಕೂಬಾ ಸಿಲಿಂಡರ್‌ನಲ್ಲಿ ಇರುವುದು ನಾವು ಉಸಿರಾಡುವ ಗಾಳಿಯೇ, ಒತ್ತಿ ತುಂಬಿದ್ದು. ಶುದ್ಧ ಆಕ್ಸಿಜನ್ ಆದರೆ ಸುಮಾರು 20 ಅಡಿಗಿಂತ ಕೆಳಗೆ ಫಿಟ್ಸ್ ಬರಿಸಬಹುದು.

ಕೊನೆಯವರೆಗೂ ಗಾಳಿಯ ಹಿಂದೆ

1915ರಲ್ಲಿ ಯುದ್ಧಭೂಮಿಯಲ್ಲಿ ಜರ್ಮನ್ನರು ವಿಷಾನಿಲ ಬಿಟ್ಟಾಗ ಹಾಲ್ಡೇನ್ ಫ್ರಾನ್ಸಿಗೆ ಹೋಗಿ ಅದು ಕ್ಲೋರಿನ್ ಎಂದು ಗುರುತಿಸಿದರು. ರಕ್ಷಣಾ ಮುಖವಾಡಕ್ಕಾಗಿ ಮತ್ತೆ ತಮ್ಮ ಮೇಲೆಯೇ ಪ್ರಯೋಗ ಮಾಡಿಕೊಂಡರು. 1936ರಲ್ಲಿ, ಪರ್ಷಿಯಾ ಮತ್ತು ಇರಾಕ್‌ನ ತೈಲ ಕಾರ್ಮಿಕರ ಬಿಸಿಲಾಘಾತವನ್ನು ಅಧ್ಯಯನ ಮಾಡಿ ಬಂದ ಸ್ವಲ್ಪ ದಿನಕ್ಕೆ ತೀರಿಕೊಂಡರು. ಅಂದು ನೀರು ತುಂಬಿದ ಉಡುಪಿನಲ್ಲಿ ಮೇಲೆ ಬಂದ ಹುಡುಗನೇ ಪ್ರಸಿದ್ಧ ಜೀವವಿಜ್ಞಾನಿ ಜೆ.ಬಿ.ಎಸ್. ಹಾಲ್ಡೇನ್. ಅವರು 1957ರಲ್ಲಿ ಭಾರತಕ್ಕೆ ಬಂದು, ಇಲ್ಲಿಯ ಪ್ರಜೆಯಾಗಿ, 1964ರಲ್ಲಿ ಭುವನೇಶ್ವರದಲ್ಲಿ ಕೊನೆಯುಸಿರೆಳೆದರು.

ನೆನಪಿಡಿ

ಟೋಬರ್‌ಮೊರಿಯಾಗಲಿ, ನಮ್ಮ ಮುರುಡೇಶ್ವರದ ನೇತ್ರಾಣಿಯಾಗಲಿ, ನಿಯಮ ಒಂದೇ. ನೀರೊಳಗೆ ಎಂದೂ ಉಸಿರು ಕಟ್ಟಬೇಡಿ. ನಿಧಾನವಾಗಿ ಮೇಲೆ ಬನ್ನಿ. ತರಬೇತಿ ಇಲ್ಲದೆ ಮುಳುಗಿದ ಹಡಗಿನ ಒಳಗೆ ನುಗ್ಗಬೇಡಿ. ಡೈವ್ ಆದಮೇಲೆ ವಿಮಾನ ಹತ್ತುವ ಮುನ್ನ 18 ಗಂಟೆ ಬಿಡುವುದು ಒಳ್ಳೆಯದು. ಆಮೇಲೆ ಎದೆನೋವು, ಕೀಲುನೋವು, ಜೋಮು ಕಂಡರೆ ತಕ್ಷಣ ಆಸ್ಪತ್ರೆಗೆ ಹೋಗಿ, ಡೈವಿಂಗ್ ಮಾಡಿದ್ದನ್ನು ವೈದ್ಯರಿಗೆ ಮೊದಲು ಹೇಳಿ. ರಜೆಗೆ ಡೈವಿಂಗ್ ಹೊರಟ ಗೆಳೆಯರಿಗೂ ಇದನ್ನು ಕಳುಹಿಸಿ.